ಸುಳಿಗೌರಿಯ ಕಥೆ ಬರೆದವರು

ಒಂದು ವ್ರತದ ಪುಸ್ತಕ ಅಚ್ಚು ಹಾಕುವ ಮುಂಚೆ ನಾನು ಪಟ್ಟಿ ಮಾಡಿಕೊಂಡಿದ್ದ ಅಪಾಯಗಳು ಒಟ್ಟು ಹದಿನೇಳು. ಅಚ್ಚಿನಲ್ಲಿ ಗೌರಿಯ ಹೆಸರೇ ತಪ್ಪಾಗಿ ಬೀಳಬಹುದು. ಪುಸ್ತಕದ ಕಟ್ಟು ಮಡಿಲಲ್ಲಿಟ್ಟುಕೊಂಡು ಕಡೂರಿನಲ್ಲಿ ರೈಲು ಹತ್ತಿದವನು ನಿದ್ದೆ ಹೋಗಿ, ಅಜ್ಜಂಪುರ ದಾಟಿ ಹೊಸದುರ್ಗ ರೋಡಿನಲ್ಲಿ ಎಚ್ಚರಗೊಳ್ಳಬಹುದು. ಯಾರೋ ನಾಲ್ಕು ಜನ ನನ್ನ ಜೆರಾಕ್ಸ್ ಅಂಗಡಿಗೆ ಬಂದು, ಪುರಾಣ ತಿದ್ದೋಕೆ ನೀನ್ಯಾವನಯ್ಯಾ ಎಂದು ಕೇಳಬಹುದು. ಅವರು ಕೇಳುತ್ತಿರುವಾಗ ಐದನೆಯವನೊಬ್ಬ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಡಬಹುದು. ಆ ವಿಡಿಯೋದಲ್ಲಿ ನನ್ನ ಉತ್ತರ ಕೇಳಿಸದೆ ಹೊಟ್ಟೆ ಮಾತ್ರ ಕಾಣಿಸಬಹುದು. ಇದೇ ವ್ರತಕ್ಕೆ ಬಣ್ಣದ ಮುಖಪುಟದ ಪುಸ್ತಕ ಹಾಕಿದ ಪ್ರಕಾಶಕರು ವಕೀಲರಿಂದ ನೋಟೀಸು ಕೊಡಿಸಬಹುದು. ಪುಸ್ತಕ ಕೇಳಿದಾಕೆಯೇ ಕೊನೆಗಳಿಗೆಯಲ್ಲಿ ಮನಸ್ಸು ಬದಲಿಸಬಹುದು. ನನಗೆ ಬಿಪಿ ಏರಬಹುದು. ಬಿಪಿ ಏರುತ್ತದೆ ಎಂದು ಯೋಚಿಸಿಯೇ ಏರಬಹುದು, ಇದನ್ನು ಬೇರೆ ಅಪಾಯವೆಂದು ಲೆಕ್ಕ ಹಿಡಿದಿದ್ದೆ. ಹದಿನೇಳನೆಯದು, ಎಲ್ಲಕ್ಕಿಂತ ಕೆಟ್ಟದ್ದು: ಏನೂ ಆಗದೆ, ಯಾರೂ ಪುಸ್ತಕವನ್ನು ತೆರೆದೇ ನೋಡದಿರಬಹುದು.

ಪಟ್ಟಿಯನ್ನು ಹೆಂಡತಿಗೆ ಓದಿ ಹೇಳಿದೆ. "ಇನ್ನೊಂದು ಸೇರಿಸ್ಬಿಡಿ, ಹದಿನೆಂಟಾದ್ರೆ ಪುರಾಣಗಳ ಲೆಕ್ಕಕ್ಕೆ ಸರಿಹೋಗುತ್ತೆ," ಎಂದು ಅವಳು ಕುಕ್ಕರಿನ ಕಡೆ ತಿರುಗಿದಳು.

ಇಷ್ಟಕ್ಕೂ ಮೂಲ ಒಂದು ವಾಸನೆ. ಹೋದ ಆಷಾಢದಲ್ಲಿ ಅಟ್ಟದ ಟ್ರಂಕಿನಿಂದ ಒಂದು ನೋಟ್‌ಪುಸ್ತಕ ತೆಗೆದೆ. ಯಾಕೆ ತೆಗೆದೆ ಎನ್ನುವುದು ಆಮೇಲೆ ಬರುತ್ತದೆ. ರಟ್ಟು ತೆರೆದ ಕೂಡಲೇ ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಮೂಗಿಗೆ ಬಂತು. ಟ್ರಂಕಿನಲ್ಲಿ ಅಷ್ಟು ವರ್ಷ ಬಿದ್ದಿದ್ದರೂ ಆ ವಾಸನೆ ಹೋಗಿರಲಿಲ್ಲ. ಅದಕ್ಕೆ ಮುಂಚೆ ಆ ಪುಸ್ತಕ ಇದ್ದದ್ದು ಮಿಷನ್ನಿನ ಡ್ರಾಯರಿನಲ್ಲಿ, ಬಾಬಿನ್ನು, ಸೀಮೆಸುಣ್ಣ, ಮುರಿದ ಸೂಜಿಗಳ ಜೊತೆಗೆ. ವಾಸನೆಯ ಹಿಂದೆಯೇ ಹೊಲಿಗೆ ಟೀಚರ ದನಿಯೂ ಬಂತು. ಏನಪ್ಪಾ, ಇನ್ನೂ ಯೋಚ್ನೆ ಮಾಡ್ತಾನೇ ಇದೀಯಾ...

ಇಪ್ಪತ್ತೈದು ಇಪ್ಪತ್ತಾರು ವರ್ಷಗಳ ಹಿಂದೆ ಕಡೂರಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸಿತ್ತು. ಸರಿಯಾಗಿ ಹೇಳಬೇಕೆಂದರೆ ನಮ್ಮಪ್ಪನದು. ಅವರು ಹೋದ ಮೇಲೆ ಸೀಸದ ಅಕ್ಷರದ ಮೊಳೆ ಜೋಡಿಸುವ ಕೆಲಸವೂ, ಮದುವೆ ಕಾರ್ಡಿನಲ್ಲಿ ವರನ ಹೆಸರು ತಪ್ಪಿದರೆ ಬೈಸಿಕೊಳ್ಳುವ ಕೆಲಸವೂ ಒಟ್ಟಿಗೇ ನನ್ನ ಪಾಲಿಗೆ ಬಂದಿದ್ದವು. ಪ್ರೆಸ್ಸಿಗೆ ಅಂಟಿಕೊಂಡಂತಿದ್ದ ಎರಡು ಕೋಣೆಗಳಲ್ಲಿ ಟೀಚರ್ ಬಾಡಿಗೆಗಿದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಊರೆಲ್ಲ ಹೊಲಿಗೆ ಟೀಚರ್ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ. ಇಪ್ಪತ್ತಮೂರನೆಯ ವಯಸ್ಸಿಗೆ ಗಂಡ ತೀರಿಕೊಂಡಿದ್ದರಂತೆ. ಆಮೇಲೆ ಹೊಲಿಗೆ ಕಲಿತು, ಪರೀಕ್ಷೆ ಕಟ್ಟಿ, ಕೆಲಸ ಹಿಡಿದು, ಇಬ್ಬರು ತಂಗಿಯರನ್ನು ದಡ ಸೇರಿಸಿದ್ದರು. ಮೆಲುಮಾತಿನ ಹೆಂಗಸು. ಆದರೆ ಒಮ್ಮೆ ಅಳತೆ ತೆಗೆದುಕೊಂಡರೆಂದರೆ ಆಮೇಲೆ ಯಾರು ಏನು ಹೇಳಿದರೂ ಕತ್ತರಿ ನಿಲ್ಲುತ್ತಿರಲಿಲ್ಲ. ನನ್ನದು ಇದಕ್ಕೆ ಪೂರ್ತಿ ತದ್ವಿರುದ್ಧದ ಸ್ವಭಾವವಾದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿತ್ತು.

ಅವರ ತವರು ಸಖರಾಯಪಟ್ಟಣದ ಕಡೆಯ ಒಂದು ಹಳ್ಳಿ. ಅಲ್ಲಿನ ಕೆಲವು ಮನೆಗಳಲ್ಲಿ ಶ್ರಾವಣದ ಕೊನೆಯ ಶುಕ್ರವಾರ ಸುಳಿಗೌರಿಯನ್ನು ಕೂರಿಸುತ್ತಿದ್ದರು. ದೊಡ್ಡ ಪೂಜೆಯೇನಲ್ಲ. ತಾನಾಗಿ ಮೊಳೆತ ತೆಂಗಿನಕಾಯಿಯೊಂದನ್ನು ಅಕ್ಕಿಯ ಮೇಲಿಟ್ಟು, ಅದರ ಸುಳಿಗೆ ಒಂಬತ್ತು ಗಂಟಿನ ದಾರ ಕಟ್ಟಿ, ಮುಂದೆ ಮಣೆ ಹಾಕಿಕೊಂಡು ಕೂತು ಕಥೆ ಹೇಳಬೇಕು. ಸಂಜೆ ಆ ಕಾಯಿಯನ್ನು ಬೇರೆಯವರ ಜಾಗದಲ್ಲಿ ನೆಡಬೇಕು. ನಮ್ಮ ತೋಟದಲ್ಲಿ, ನಮ್ಮ ಹಿತ್ತಿಲಲ್ಲಿ ನೆಡುವ ಹಾಗಿಲ್ಲ. ವ್ರತವೆಂದರೆ ಅಷ್ಟೇ.

ಕಥೆಯೂ ಚಿಕ್ಕದು. ಗಂಡ ಸತ್ತ ಮುದುಕಿಯೊಬ್ಬಳನ್ನು ಊರಿನಲ್ಲಿ ಯಾರೂ ಹಬ್ಬಕ್ಕೆ ಕರೆಯುವುದಿಲ್ಲ. ಅವಳಿಗೆ ಕೆರೆಯ ಅಂಚಿನಲ್ಲಿ ಮೊಳೆತ ಕಾಯಿಯೊಂದು ಸಿಗುತ್ತದೆ. ನೆಡಲು ಗೇಣು ನೆಲವಿಲ್ಲ. ಪಕ್ಕದ ಮನೆಯವರನ್ನು ಕೇಳಿ ಅವರ ಹಿತ್ತಿಲಲ್ಲಿ ನೆಡುತ್ತಾಳೆ, ನೀರು ಮಾತ್ರ ತಾನೇ ಹೊತ್ತು ಹಾಕುತ್ತಾಳೆ. ಗೌರಿ ಊರಿಗೆ ಬಂದವಳು ತೋರಣ ಕಟ್ಟಿದ ಮನೆಗಳನ್ನೆಲ್ಲ ದಾಟಿ ಆ ಸಸಿಯ ಬುಡಕ್ಕೆ ಬಂದು ಕೂರುತ್ತಾಳೆ. ನೀರು ಹಾಕಿದವಳು ಯಾರು, ಅವಳು ಬರಲಿ, ಅವಳ ಕೈಯಿಂದಲೇ ನನಗೆ ಪೂಜೆ ಎನ್ನುತ್ತಾಳೆ. ಹೇಳುವ ಅಜ್ಜಿಯರು ಒಬ್ಬೊಬ್ಬರೇ ಹೊರಡುತ್ತಿದ್ದ ಕಾಲ ಅದು. ಅರ್ಧ ಕಥೆ ಒಬ್ಬಾಕೆಗೆ ಗೊತ್ತಿದ್ದರೆ ಉಳಿದರ್ಧ ಇನ್ನೊಬ್ಬಾಕೆಗೆ. ಟೀಚರ್ ರಜೆಯಲ್ಲಿ ಹೋಗಿ ಹೋಗಿ ಕೇಳಿ ಬರೆದುಕೊಂಡು, ಹರಿದಿದ್ದ ಕಡೆ ತಾವೇ ಸೇರಿಸಿ, ಆ ನೋಟ್‌ಪುಸ್ತಕ ಪೂರ್ತಿ ಮಾಡಿದ್ದರು. ಮೇಲೆ ತಮ್ಮ ಹೆಸರನ್ನೂ ಬರೆದಿದ್ದರು.

ಅದನ್ನು ಅಚ್ಚು ಹಾಕಿಕೊಡಲು ಕೇಳಿದಾಗ ನನಗೆ ಯೋಚನೆ ಹತ್ತಿತು. ಹೊಲಿಗೆ ಟೀಚರ್ ಬರೆದ ವ್ರತವನ್ನು ಯಾರು ಮಾಡುತ್ತಾರೆ? ಯಾರಾದರೂ ಆಕ್ಷೇಪ ಎತ್ತಿದರೆ? ನಮ್ಮ ಪ್ರೆಸ್ಸಿನ ಬೀರುವಿನಲ್ಲಿ ಅಪ್ಪನ ಕಾಲದ ವ್ರತದ ಪುಸ್ತಕಗಳಿದ್ದವು. ಹತ್ತು ಹನ್ನೆರಡು ತೆಗೆದು ನೋಡಿದೆ. ಒಂದರಲ್ಲೂ ಬರೆದವರ ಹೆಸರಿರಲಿಲ್ಲ. ಎಲ್ಲದರ ಆರಂಭದಲ್ಲೂ ಒಂದು ಕಾಡು, ಕಾಡಿನಲ್ಲಿ ಋಷಿಗಳು ಕೇಳುತ್ತಾರೆ, ಪುರಾಣಿಕರು ಹೇಳುತ್ತಾರೆ. ಎಲ್ಲದರ ಕೊನೆಯಲ್ಲೂ ಸಂಸ್ಕೃತದ ಒಂದು ಸಾಲು, ಇತಿ ಇಂಥ ಪುರಾಣದ ಇಂಥ ವ್ರತಕಥೆ ಸಂಪೂರ್ಣವಾಯಿತು ಎಂದು. ಮೂರ್ನಾಲ್ಕು ಪುಸ್ತಕ ಒಂದೇ ಪುರಾಣದ ಹೆಸರು ಹೇಳುತ್ತಿದ್ದವು. ಆ ಹೆಸರು ಇಲ್ಲಿ ಬೇಡ, ಪುರಾಣದ ತಪ್ಪೇನೂ ಇಲ್ಲ, ಪಾಪ.

ನೋಟ್‌ಪುಸ್ತಕ ಹಿಡಿದುಕೊಂಡು ಪಕ್ಕದ ಕೋಣೆಗೆ ಹೋದೆ. ಅವರು ಯಾರದೋ ರವಿಕೆಗೆ ಹುಕ್ಕು ಹಚ್ಚುತ್ತಿದ್ದರು.

"ಟೀಚರ್, ನಿಮ್ಮ ಹೆಸರು ತೆಗೆದು, ಕೊನೇಲಿ ಪುರಾಣದ ಹೆಸರು ಹಾಕಿದ್ರೆ ಹೇಗೆ?"

ಅವರು ದಾರವನ್ನು ಹಲ್ಲಿನಲ್ಲಿ ಕಡಿದರು. "ಆ ಪುರಾಣ ಯಾರಾದ್ರೂ ಓದಿದಾರೇನಪ್ಪಾ?"

"ನಮ್ಮ ಊರಲ್ಲಿ ಯಾರೂ ಇಲ್ಲ ಅನ್ಸುತ್ತೆ."

"ನೀನು?"

"ನಾನು ಹೆಸರು ಓದಿದೀನಿ."

"ಹಂಗಾದ್ರೆ ಹಾಕು. ನನ್ನ ಹೆಸ್ರಿಗೆ ಯಾರು ಕೈ ಮುಗೀತಾರೆ," ಎಂದು ಇನ್ನೊಂದು ಹುಕ್ಕು ಎತ್ತಿಕೊಂಡರು.

ಹಾಕಿದೆ. ಕಾಡು, ಋಷಿಗಳು, ಪುರಾಣಿಕರು, ಕೊನೆಯ ಸಾಲು, ಎಲ್ಲವನ್ನೂ ನನ್ನ ಕೈಯಾರೆ ಮೊಳೆ ಮೊಳೆ ಹೆಕ್ಕಿ ಜೋಡಿಸಿದೆ. ಸಂಸ್ಕೃತದ ಸಾಲನ್ನು ಹಳೆಯ ಪುಸ್ತಕದಿಂದ ನಕಲು ಮಾಡಿ ವ್ರತದ ಹೆಸರು ಮಾತ್ರ ಬದಲಿಸಿದೆ. ಹನ್ನೆರಡು ಪುಟದ, ಹಳದಿ ರಟ್ಟಿನ ಪುಸ್ತಕ. ಯಾರೂ ಆಕ್ಷೇಪ ಎತ್ತಲಿಲ್ಲ. ಬದಲಿಗೆ ಜನ ಕೇಳಿಕೊಂಡು ಬಂದರು. ತರೀಕೆರೆಗೆ ಹೋಯಿತು, ಲಿಂಗದಹಳ್ಳಿಯವರು ಬಂದು ಒಯ್ದರು, ಅಜ್ಜಂಪುರದಲ್ಲಿ ಟೀಚರ ಹಳೆಯ ಶಿಷ್ಯೆಯೊಬ್ಬಳಿದ್ದಳು, ಈರುಳ್ಳಿ ಮಂಡಿಯವರ ಮನೆಯ ಸೊಸೆ, ಅವಳ ಕೇರಿಗೆಲ್ಲ ಹೋಯಿತು. ಸುಳಿಗೌರಿಯ ಹೆಸರನ್ನೇ ಕೇಳದಿದ್ದ ಮನೆಗಳಲ್ಲಿ, ತಲೆತಲಾಂತರದಿಂದ ನಡೆದುಬಂದದ್ದು ಎಂಬಂತೆ ಪೂಜೆ ಶುರುವಾಯಿತು. ಟೀಚರ್ ಪ್ರತಿವರ್ಷ ಅಜ್ಜಂಪುರಕ್ಕೆ ಹೋಗಿ ಶಿಷ್ಯೆಯ ಮನೆಯಲ್ಲಿ ಮಣೆಯ ಮೇಲೆ ಕೂತು ಕಥೆ ಓದುತ್ತಿದ್ದರು. ಕಥೆಯಲ್ಲೇ ಮುದುಕಿ ಇದ್ದಾಳಲ್ಲ, ಹಾಗಾಗಿ ಯಾರೂ ಏನೂ ಅನ್ನುತ್ತಿರಲಿಲ್ಲ. ಬೇರೆ ಯಾವ ಪೂಜೆಯಲ್ಲೂ ಅವರಿಗೆ ಆ ಜಾಗವಿರಲಿಲ್ಲ. ಶ್ರಾವಣ ಬಂತೆಂದರೆ ಒಂದು ಹೊಸ ಸೀರೆಗೆ ಫಾಲ್ ಹಚ್ಚಿಕೊಳ್ಳುತ್ತಿದ್ದದ್ದು ನನಗೆ ನೆನಪಿದೆ...

ನಾಲ್ಕು ವರ್ಷ ಹೀಗೆ ನಡೆಯಿತು. ಐದನೆಯ ವರ್ಷ ಅವರು ಅಜ್ಜಂಪುರದಿಂದ ಮಧ್ಯಾಹ್ನಕ್ಕೇ ಹಿಂತಿರುಗಿ ಬಂದರು. ಕೈಯಲ್ಲಿ ಬೇರೊಂದು ಪುಸ್ತಕವಿತ್ತು. ಬಣ್ಣದ ಮುಖಪುಟ, ಗೌರಿಯ ಚಿತ್ರ, ದೂರದ ಊರಿನ ಯಾವುದೋ ಪ್ರಕಾಶನ. ನಮ್ಮ ಪುಸ್ತಕವನ್ನೇ ಎತ್ತಿ ಹಾಕಿಕೊಂಡಿದ್ದರು, ನನ್ನ ಒಂದು ಅಚ್ಚಿನ ತಪ್ಪೂ ಹಾಗೇ ಉಳಿದಿತ್ತು. ಆದರೆ ಮುದುಕಿ ಮಾಯವಾಗಿದ್ದಳು. ಅವಳ ಜಾಗದಲ್ಲಿ ಪತಿವ್ರತೆಯಾದ ಒಬ್ಬ ಸುವಾಸಿನಿ ಬಂದಿದ್ದಳು. ಕೊನೆಯಲ್ಲಿ ಒಂದು ಹೊಸ ಸಾಲು: ವಿಧವೆಯರು ಈ ವ್ರತವನ್ನು ಮಾಡಕೂಡದು, ಕಥೆಯನ್ನು ಓದಕೂಡದು ಎಂದು ಪುರಾಣಿಕರು ಋಷಿಗಳಿಗೆ ಹೇಳಿದರು. ಅದರ ಕೆಳಗೆ, ನಾನು ಹಾಕಿದ್ದ ಅದೇ ಪುರಾಣದ ಹೆಸರು.

ಶಿಷ್ಯೆಯ ಅತ್ತೆ ಬಾಗಿಲಲ್ಲೇ ತಡೆದಿದ್ದರಂತೆ. ಒರಟಾಗಿ ಏನಲ್ಲ. "ಬೇಜಾರ್ ಮಾಡ್ಕೋಬ್ಯಾಡಿ ಟೀಚರಮ್ಮ, ನಮ್ದೇನೈತೆ ಇದ್ರಾಗೆ, ಪುರಾಣದಾಗೇ ಬರ್ದೈತಲ್ಲ. ಊಟ ಮಾಡ್ಕೊಂಡು ಹೋಗ್ರಿ," ಅಂದಿದ್ದರಂತೆ. ಶಿಷ್ಯೆ ತಲೆ ತಗ್ಗಿಸಿಕೊಂಡು ಮಣೆಯ ಮೇಲೆ ಕೂತು ಓದಿದಳಂತೆ. ಟೀಚರ್ ಊಟ ಮಾಡಿರಲಿಲ್ಲ.

ನಾನು ಅಂದು ಮೊಳೆಗಳ ಪೆಟ್ಟಿಗೆಯ ಮುಂದೆ ನಿಂತೇ ಇದ್ದೆ. ಪುರಾಣದ ಹೆಸರೆಂಬ ಬಾಗಿಲು ಮಾಡಿಟ್ಟವನು ನಾನು. ಆ ಬಾಗಿಲಿನಿಂದ ಯಾರು ಬೇಕಾದರೂ ಒಳಗೆ ಬರಬಹುದು ಎಂದು, ಎಲ್ಲಕ್ಕೂ ಹೆದರುವ ನನಗೆ ಅದೊಂದು ಮಾತ್ರ ಹೊಳೆದಿರಲಿಲ್ಲ.

ಟೀಚರ್ ಅಳಲಿಲ್ಲ. ಎರಡೂ ಪುಸ್ತಕಗಳನ್ನು ಕತ್ತರಿಸುವ ಮೇಜಿನ ಮೇಲೆ ಪಕ್ಕಪಕ್ಕ ಹರಡಿ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದರು. "ನೋಡು, ಇಲ್ಲಿ ಸೇರ್ಸಿದಾರೆ. ಇಲ್ಲಿ ಕತ್ತರಿಸಿದಾರೆ. ನೀರು ಹೊತ್ತು ಹಾಕೋದು ಹಂಗೇ ಬಿಟ್ಟಿದಾರೆ. ಗಂಡ, ಮನೆ, ಆಳುಕಾಳು ಇರೋ ಸುವಾಸಿನಿ ಯಾಕಪ್ಪ ಪಕ್ಕದ ಮನೆ ಹಿತ್ಲಲ್ಲಿ ಗಿಡ ನೆಡ್ತಾಳೆ? ಬಟ್ಟೆ ಒಳಮುಖ ಮಾಡಿದ್ರೆ ಗೊತ್ತಾಗಲ್ವೇ, ಯಾವ್ದು ಮೂಲ, ಯಾವ್ದು ತೇಪೆ ಅಂತ."

ಮಾರನೆಯ ವಾರ ನನ್ನನ್ನೂ ಎಬ್ಬಿಸಿಕೊಂಡು ತರೀಕೆರೆಗೆ ಹೊರಟರು. ಅಲ್ಲಿ ವಯಸ್ಸಾದ ಪುರೋಹಿತರೊಬ್ಬರಿದ್ದರು, ಬಹಳ ಓದಿದವರು ಎಂದು ಹೆಸರು. ನಿಜವಾಗಿ ಆ ಪುರಾಣದಲ್ಲಿ ಏನಿದೆ ಎಂದು ಅವರನ್ನು ಕೇಳುವುದು ಟೀಚರ ಉದ್ದೇಶ. ಬಸ್ಸಿನಲ್ಲಿ ಉದ್ದಕ್ಕೂ ನನಗೆ ಒಂದೇ ಭಯ, ಆ ಸಾಲು ಹಾಕಿದವನು ಯಾರು ಎಂದು ಅವರು ಕೇಳಿದರೆ? ಕೂತ ಎರಡು ನಿಮಿಷಕ್ಕೇ ಟೀಚರ್ ನನ್ನ ಕಡೆ ಕೈ ತೋರಿಸಿ, "ಹಾಕಿದ್ದು ಇವ್ನು, ಹಾಕು ಅಂದಿದ್ದು ನಾನು," ಎಂದುಬಿಟ್ಟರು.

ಪುರೋಹಿತರು ಬೈಯಲಿಲ್ಲ. ನಕ್ಕರು. ನಕ್ಕು ನಕ್ಕು ಕೆಮ್ಮು ಬಂದು, ನೀರು ಕುಡಿದು, "ನೀವೇ ಮೊದಲಿನವರೇನಲ್ಲಮ್ಮ," ಎಂದರು. ಅವರು ಅಂದು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ವೇದಕ್ಕೆ ಒಂದಕ್ಷರ ಸೇರಿಸಲಾಗುವುದಿಲ್ಲ. ಸ್ವರ ಹಿಡಿದು, ಹಿಂದೆ ಮುಂದೆ ತಿರುಗಿಸಿ ಬಾಯಿಪಾಠ ಮಾಡಿದವರು ಕಾವಲಿದ್ದಾರೆ. ಪುರಾಣಕ್ಕೆ ಅಂಥ ಕಾವಲಿಲ್ಲ. ಅದು ತುಂಬು ಕುಟುಂಬ, ಯಾರೋ ಬಂದು ನಾನೂ ನಿಮ್ಮವನೇ ಎಂದರೆ ಅಲ್ಲ ಎನ್ನಲು ಮನೆಯವರಿಗೇ ಖಾತ್ರಿ ಇಲ್ಲ. ಒಂದೂರಿಗೆ ತನ್ನ ಹೊಳೆ ದೊಡ್ಡದು ಎನ್ನಿಸಿತು, ಒಬ್ಬರಿಗೆ ತಮ್ಮ ದೇವರು ದೊಡ್ಡವನು ಎನ್ನಿಸಿತು, ಬರೆದರು. ತಮ್ಮ ಹೆಸರು ಹಾಕಿಕೊಳ್ಳಲು ಸಂಕೋಚ, ಹಾಕಿದರೆ ಕೇಳುವವರೂ ಇಲ್ಲ. ಋಷಿಯ ಬಾಯಲ್ಲಿ ಹೇಳಿಸಿ ಒಂದು ಪುರಾಣದ ಮಡಿಲಿಗೆ ಹಾಕಿದರು. ನೂರು ವರ್ಷ ಜನ ಕೈ ಮುಗಿದರೆ ಅದೂ ಶಾಸ್ತ್ರವೇ.

"ಒಂದು ಗುರುತು ಹೇಳ್ತೀನಿ," ಎಂದರು. "ನನ್ನನ್ನು ಓದಿದರೆ ವೇದ ಓದಿದಷ್ಟೇ ಪುಣ್ಯ, ನಂಬದಿದ್ದರೆ ನರಕ ಅಂತ ಯಾವ ಗ್ರಂಥ ತಾನೇ ಹೇಳ್ಕೊಳ್ಳುತ್ತೋ, ಅದಕ್ಕೆ ವಯಸ್ಸು ಕಡಿಮೆ ಅಂತ ತಿಳೀರಿ. ಮನೆ ಯಜಮಾನ ನಾನು ಯಜಮಾನ ಅಂತ ಕೂಗ್ತಾ ಓಡಾಡಲ್ಲ."

"ಅಂದ್ರೆ ಎಲ್ಲಾ ಸುಳ್ಳೇನ್ರೀ ಸ್ವಾಮಿ?" ಟೀಚರ್ ಕೇಳಿದರು.

"ಸುಳ್ಳು ಅಂತ ಹೇಗೆ ಹೇಳ್ಲಮ್ಮ. ಅದನ್ನ ನಂಬಿ ನಾಲ್ಕು ಜನ ಒಳ್ಳೇದು ಮಾಡಿದಾರೆ, ನಾಲ್ಕು ಜನಾನ ಹೊರಗೂ ಇಟ್ಟಿದಾರೆ. ಎರಡಕ್ಕೂ ದಾರಿ ಒಂದೇ." ಆಮೇಲೆ ದನಿ ತಗ್ಗಿಸಿ ಒಂದು ಉಪಾಯವನ್ನೂ ಹೇಳಿದರು. ಇನ್ನೊಂದು ಪುರಾಣದ ಹೆಸರಲ್ಲಿ ಇನ್ನೊಂದು ಪುಸ್ತಕ ಹಾಕಿಸಿ, ವಿಧವೆಯರು ಮಾಡಿದರೆ ಫಲ ಇಮ್ಮಡಿ ಎಂದು ಬರೆಸಿ, ಸಂಸ್ಕೃತ ನಾನು ತಿದ್ದಿಕೊಡುತ್ತೇನೆ.

ನನಗೆ ಅದು ಎಷ್ಟು ಚೆಂದ ಕಂಡಿತೆಂದರೆ, ಯಾವ ಅಳತೆಯ ಮೊಳೆ ಎಂದು ಆಗಲೇ ಯೋಚಿಸತೊಡಗಿದ್ದೆ. ಯಾರಿಗೂ ನೋವಿಲ್ಲ, ಜಗಳವಿಲ್ಲ. ಟೀಚರ್ ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

"ಬ್ಯಾಡ ಸ್ವಾಮಿ. ತೇಪೆ ಮೇಲೆ ತೇಪೆ ಹಾಕಲ್ಲ ನಾನು. ನಾನೇ ಬರ್ದೆ ಅಂತ ಹೇಳ್ತೀನಿ. ಇಷ್ಟ ಇದ್ರೆ ಇಟ್ಕೊಳ್ಲಿ, ಇಲ್ದಿದ್ರೆ ಬಿಡ್ಲಿ."

ಮುಂದಿನ ಶ್ರಾವಣದಲ್ಲಿ ಅವರ ಜೊತೆ ಅಜ್ಜಂಪುರಕ್ಕೆ ನಾನೂ ಹೋದೆ. ಹೋಗಬೇಕಾಯಿತು, ಸಾಕ್ಷಿಗೆ ಬಾ ಎಂದಿದ್ದರು. ಅವರನ್ನು ಒಳಗೆ ಕರೆಯಲಿಲ್ಲ, ಹೊರಗೆ ಹೋಗಿ ಎಂದೂ ಅನ್ನಲಿಲ್ಲ. ಬಾಗಿಲ ಪಕ್ಕದಲ್ಲಿ ಗೋಡೆಗೊರಗಿ ಕೂತರು, ನಾನು ಜಗಲಿಯಲ್ಲಿ ಚಪ್ಪಲಿಗಳ ಜೊತೆ. ಶಿಷ್ಯೆ ಬಣ್ಣದ ಪುಸ್ತಕ ಓದಿದಳು. ವಿಧವೆಯರು ಎಂಬ ಸಾಲು ಬಂದಾಗ ಟೀಚರ್ ಸ್ಪಷ್ಟವಾಗಿ, ತರಗತಿಯಲ್ಲಿ ಹೇಳುವ ದನಿಯಲ್ಲಿ ಹೇಳಿದರು: "ಈ ಸಾಲು ನಾನು ಬರ್ದಿಲ್ಲ. ಉಳಿದ ಕಥೆ ನಾನು ಬರ್ದಿದ್ದು."

ಒಳಗೆಲ್ಲ ಗುಸುಗುಸು. ಶಿಷ್ಯೆಯ ಅತ್ತೆ ಕೇಳಿದರು, "ನೀವ್ ಬರ್ದಿದ್ದಾದ್ರೆ ಇದು ವ್ರತ ಹೆಂಗಾಯ್ತದವ್ವಾ?"

"ನಿಮ್ಮ ಮೈಮೇಲಿರೋ ರವಿಕೆ ಹೊಲ್ದಿದ್ದು ಯಾರು?"

"ನೀವೇಯ."

"ಗೊತ್ತಾಯ್ತು ಅಂತ ಬಿಚ್ಚಿ ಹಾಕ್ತೀರಾ? ಮೈಗೆ ಕೂತೈತೋ ಇಲ್ವೋ ಅದು ಹೇಳ್ರಿ."

ಯಾರೋ ಕಿಸಕ್ಕನೆ ನಕ್ಕರು. ಅತ್ತೆಯೂ ನಕ್ಕರು. ಆದರೆ ಮಣೆ ಕೊಡಲಿಲ್ಲ. ಪುರಾಣದ ಹೆಸರು ಅಚ್ಚಾಗಿತ್ತು, ಟೀಚರ ಮಾತು ಗಾಳಿಯಲ್ಲಿ ಹೋಗುವ ಮಾತು.

ಹಿಂತಿರುಗುವಾಗ ರೈಲಿನಲ್ಲಿ ಅವರು ನೋಟ್‌ಪುಸ್ತಕವನ್ನು ನನ್ನ ಮಡಿಲಿಗಿಟ್ಟರು. ಇದ್ದದ್ದನ್ನು ಇದ್ದ ಹಾಗೆ, ಅವರ ಹೆಸರು ಹಾಕಿ ಅಚ್ಚು ಮಾಡಬೇಕು. ನಾನು ಮುಂದಿನ ವರ್ಷ ಎಂದೆ. ಬೇರೆ ಪ್ರೆಸ್ಸೂ ಇದೆಯಲ್ಲ ಎಂದು ಮೆಲ್ಲಗೆ ಸೂಚಿಸಿದೆ. "ಹಾಕಿದೋನು ನೀನು, ತೆಗೀಬೇಕಾದೋನೂ ನೀನೇ ಕಣಪ್ಪ. ಇಟ್ಕೋ. ಧೈರ್ಯ ಬಂದಾಗ ಮಾಡು," ಎಂದರು.

ನನ್ನ ಧೈರ್ಯದ ಬಗ್ಗೆ ಅವರ ಅಂದಾಜು ತಪ್ಪಾಗಿತ್ತು. ಅಷ್ಟರಲ್ಲಿ ಪ್ರೆಸ್ಸಿನ ಕೆಲಸವೂ ಇಳಿಯಿತು, ಮೊಳೆಗಳನ್ನು ತೂಕಕ್ಕೆ ಹಾಕಿ ಕಂಪ್ಯೂಟರು ತಂದೆ, ಜೆರಾಕ್ಸ್ ಮಿಷನ್ನು ತಂದೆ. ಪ್ರತಿ ಶ್ರಾವಣಕ್ಕೂ ಒಂದು ಕಾರಣವಿತ್ತು. ಅವರು ಮಾತ್ರ ಪ್ರತಿವರ್ಷ ಹೋದರು. ಆರು ವರ್ಷ. ಬಾಗಿಲ ಪಕ್ಕ ಅದೇ ಜಾಗ, ಅದೇ ಸಾಲಿಗೆ ಅದೇ ಮಾತು. ಈ ಸಾಲು ನಾನು ಬರ್ದಿಲ್ಲ. ಬರುಬರುತ್ತಾ ಅಲ್ಲಿನ ಹೆಂಗಸರಿಗೆ ಅದು ಅಭ್ಯಾಸವಾಗಿ, ಆ ಸಾಲು ಬಂದಾಗ ಶಿಷ್ಯೆ ತಾನೇ ಓದು ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು, ಟೀಚರ್ ಹೇಳುತ್ತಿದ್ದರು, ಆಮೇಲೆ ಮುಂದಿನ ಓದು. ಹೊಸದಾಗಿ ಬಂದ ಸೊಸೆಯೊಬ್ಬಳು ಅದೂ ಪೂಜೆಯ ಒಂದು ಭಾಗ ಎಂದುಕೊಂಡು ಆ ಮಾತಿಗೆ ಕೈ ಮುಗಿದಳಂತೆ. ಟೀಚರ್ ಅದನ್ನು ನನಗೆ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

ಏಳನೆಯ ವರ್ಷದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮೂರು ದಿನದ ಜ್ವರ,  ನಾಲ್ಕನೆಯ ದಿನ ಬೆಳಿಗ್ಗೆ... ಮಿಷನ್ನಿನ ಮೇಲೆ ಅರ್ಧ ಹೊಲಿದ ಲಂಗವಿತ್ತು. ಆ ಶ್ರಾವಣದಲ್ಲಿ ಶಿಷ್ಯೆ ಫೋನು ಮಾಡಿದ್ದಳು. "ಆ ಸಾಲು ಬಂತು ಅಣ್ಣಾ. ನಿಲ್ಸಿದೆ. ಎಲ್ರೂ ಬಾಗ್ಲು ಕಡೆ ನೋಡಿದ್ರು. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಮುಂದಕ್ಕೆ ಓದ್ದೆ."

ಅದಾಗಿ ಹದಿನೈದು ವರ್ಷ. ನಾನು ಆಗಲೂ ಅಚ್ಚು ಹಾಕಲಿಲ್ಲ. ಕೇಳುವವರೇ ಇಲ್ಲದ ಮೇಲೆ ಯೋಚನೆಗೂ ಒಂದು ಬಿಡುವು ಸಿಕ್ಕಿದಂತಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಅದೇ ನಿಜ.

ಹೋದ ಆಷಾಢದಲ್ಲಿ ಒಂದು ಮಧ್ಯಾಹ್ನ ಶಿಷ್ಯೆ ಅಂಗಡಿಗೆ ಬಂದಳು. ನನ್ನ ವಯಸ್ಸಿನವಳೇ, ಈಗ ತಲೆ ಬೆಳ್ಳಗಾಗಿದೆ. ಹಣೆಯಲ್ಲಿ ಕುಂಕುಮವಿರಲಿಲ್ಲ. ಎರಡು ವರ್ಷವಾಯಿತಂತೆ ಗಂಡ ಹೋಗಿ. ಅತ್ತೆ ಅದಕ್ಕೂ ಮೊದಲೇ ಹೋಗಿದ್ದರು. ಹೋದ ಎರಡು ಶ್ರಾವಣ ಅವಳು ಮಣೆಯ ಮೇಲೆ ಕೂರಲಿಲ್ಲ. ಸೊಸೆ ಓದಿದಳು, ಇವಳು ಅಡುಗೆಮನೆಯಿಂದ ಕೇಳಿದಳು.

"ಹೋದ್ ವರ್ಷ ಆ ಸಾಲು ಬಂದಾಗ ಹೇಳ್ಬೇಕು ಅಂತ ಬಾಯಿವರ್ಗೂ ಬಂತು ಅಣ್ಣಾ. ನಾನ್ ಹೆಂಗ್ ಹೇಳ್ಲಿ, ನಾನೇನ್ ಬರ್ದೋಳಾ? ಟೀಚರ್‌ದು ಪುಸ್ತಕ ನಿಮ್ಮತ್ರ ಐತಾ?"

"ಇದೆ," ಎಂದೆ. ಆ ಒಂದು ಮಾತಿಗೆ ಯಾವ ಯೋಚನೆಯೂ ಅಡ್ಡ ಬರಲಿಲ್ಲ. ಯೋಚನೆಗಳೆಲ್ಲ ಅವಳು ಬಸ್ಸು ಹತ್ತಿದ ಮೇಲೆ ಬಂದವು. ಆದರೂ ಅಂದೇ ಅಟ್ಟ ಹತ್ತಿದೆ.

ನಮ್ಮ ಹಳದಿ ರಟ್ಟಿನ ಪುಸ್ತಕವನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಂಡು ಕಾಡು ತೆಗೆದೆ, ಋಷಿಗಳನ್ನು ತೆಗೆದೆ, ಇತಿ ಎಂಬ ಸಾಲನ್ನು ತೆಗೆದೆ. ಹಾಕುವಾಗ ಎರಡು ದಿನ ಹಿಡಿದದ್ದನ್ನು ತೆಗೆಯಲು ಎರಡು ನಿಮಿಷ ಸಾಕಾಯಿತು. ಮುದುಕಿ ಅವಳ ಜಾಗದಲ್ಲೇ ಇದ್ದಳು. ನೋಟ್‌ಪುಸ್ತಕದ ಕೊನೆಯ ಪುಟದಲ್ಲಿ ಟೀಚರ್ ಬರೆದಿದ್ದನ್ನು ಮೊದಲ ಸಲ ಸರಿಯಾಗಿ ಓದಿದೆ: ಅಜ್ಜಿಯರ ಬಾಯಿಂದ ಕೇಳಿ ಬರೆದದ್ದು, ಗೊತ್ತಿಲ್ಲದ ಕಡೆ ನಾನೇ ಸೇರಿಸಿದ್ದೇನೆ, ತಪ್ಪಿದ್ದರೆ ತಿದ್ದಿ, ತಿದ್ದಿದವರು ತಮ್ಮ ಹೆಸರು ಹಾಕಿ. ಅದನ್ನು ಹಾಗೇ ಹಾಕಿದೆ. ಕೆಳಗೆ ಒಂದು ಸಾಲು ನನ್ನದು, ಮೊದಲ ಅಚ್ಚಿನಲ್ಲಿ ಪುರಾಣದ ಹೆಸರು ಹಾಕಿದವನು ನಾನು ಎಂದು, ನನ್ನ ಹೆಸರಿನೊಂದಿಗೆ. ಮುಖಪುಟಕ್ಕೆ ಚಿತ್ರ ಬೇಡವೆನ್ನಿಸಿತು. ಬಿಳಿಯ ರಟ್ಟು, ಮೇಲೆ ವ್ರತದ ಹೆಸರು, ನಟ್ಟನಡುವೆ, ಎಲ್ಲರ ಕಣ್ಣಿಗೂ ಮೊದಲು ಬೀಳುವ ಹಾಗೆ ದಪ್ಪ ಅಕ್ಷರದಲ್ಲಿ ಟೀಚರ ಹೆಸರು.

ಶ್ರಾವಣದ ಕೊನೆಯ ಶುಕ್ರವಾರ ಬೆಳಿಗ್ಗೆ ಕಟ್ಟು ಹೊತ್ತುಕೊಂಡು ಹೊರಟೆ. ರೈಲಿನಲ್ಲಿ ನಿದ್ದೆ ಬರಲಿಲ್ಲ. ಗೌರಿಯ ಹೆಸರು ಸರಿಯಾಗಿಯೇ ಇತ್ತು. ಅಂಗಡಿಗೆ ಯಾರೂ ಬಂದಿರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಶಿಷ್ಯೆ ಮನಸ್ಸು ಬದಲಿಸಲಿಲ್ಲ. ನಾನು ಹೋಗುವಷ್ಟರಲ್ಲಿ ಮಣೆಯ ಮೇಲೆ ಕೂತಾಗಿತ್ತು. ಕೇರಿಯ ಹೆಂಗಸರು ಇಪ್ಪತ್ತು ಜನರಿದ್ದರು, ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಎದ್ದು ಹೋದವರಿಲ್ಲ. ಅವಳು ಗಂಡ ಸತ್ತ ಮುದುಕಿಯೊಬ್ಬಳಿದ್ದಳು ಎಂದು ಓದಲು ಶುರುಮಾಡಿದಳು. ದನಿ ಎಲ್ಲೂ ತಡವರಿಸಲಿಲ್ಲ.

ಮುಗಿದ ಮೇಲೆ ಮೂಲೆಯಲ್ಲಿದ್ದ ಅಜ್ಜಿಯೊಬ್ಬರು ಕೇಳಿದರು, "ಇತಿ ಅಂತ ಬರ್ಲಿಲ್ವಲ್ಲವ್ವಾ. ಇದು ಯಾವ್ ಪುರಾಣದ್ದು?"

"ಪುರಾಣದ್ದಲ್ಲ ಕಣಜ್ಜಿ. ನಮ್ ಟೀಚರ್‌ದು."

ಅಜ್ಜಿ ಬಾಗಿಲ ಕಡೆ ತಿರುಗಿ ನೋಡಿದರು. "ಬಾಗ್ಲತ್ರ ಕೂತ್ಕೊಂತಿದ್ಲಲ್ಲ, ಅವ್ಳಾ? ಹಂಗಾದ್ರೆ ಸರಿ ಬಿಡು," ಎಂದು ಅಕ್ಷತೆಗೆ ಕೈ ಚಾಚಿದರು.

ಜಗಲಿಯಲ್ಲಿದ್ದ ನಾನು ಆಗ ಎದ್ದು ಒಳಗೆ ಹೋದೆ. ಗೌರಿಯ ಪಕ್ಕದಲ್ಲಿ ಪೂಜೆಗೆಂದು ಇಟ್ಟಿದ್ದ ಪುಸ್ತಕವನ್ನು ನೋಡಬೇಕೆನ್ನಿಸಿತು. ಹದಿನೇಳು ಅಪಾಯ ಯೋಚಿಸಿದವನು ಇದೊಂದನ್ನು ಯೋಚಿಸಿರಲಿಲ್ಲ. ಪೂಜೆಗಿಟ್ಟ ಪುಸ್ತಕಕ್ಕೆ ಹೆಂಗಸರು ಅರಿಶಿನ ಕುಂಕುಮ ಏರಿಸುತ್ತಾರೆ, ಏರಿಸುವುದು ನಟ್ಟನಡುವೆ. ಇಪ್ಪತ್ತು ಕೈಗಳು ಒಂದಾದ ಮೇಲೊಂದು ಏರಿಸಿದ್ದವು. ಗಂಡ ಹೋದ ಮೇಲೆ ಬದುಕಿದ್ದಷ್ಟು ಕಾಲ ಯಾವ ಮನೆಯಲ್ಲೂ ಟೀಚರ ಮುಂದೆ ಕುಂಕುಮದ ಬಟ್ಟಲು ನಿಂತಿರಲಿಲ್ಲ. ಈಗ ಅವರ ಹೆಸರಿನ ಮೇಲೆ ಅದು ಬೆರಳು ದಪ್ಪ ಕೂತಿತ್ತು, ಒಂದಕ್ಷರವೂ ಕಾಣದ ಹಾಗೆ.